ನೀಲಗಿರಿಯ ಮೋಜಣಿ: ಸರಪಳಿಯಿಂದ ಉಪಗ್ರಹದವರೆಗೆ

ನಾವು ವಾಸಿಸುವ ಈ ನೀಲಗಿರಿಯನ್ನು ಕಳೆದ ಎರಡು ಶತಮಾನಗಳಲ್ಲಿ ಮೂರು ಬಗೆಯಲ್ಲಿ ಅಳೆಯಲಾಗಿದೆ. ಮೊದಲನೆಯದು ಕಾಲ್ನಡಿಗೆಯ ಮೋಜಣಿ. ಸರಪಳಿ, ನಿಶಾನೆ ಕಂಬ, ಥಿಯೊಡೊಲೈಟ್ ಇವು ಅದರ ಉಪಕರಣಗಳು. ಎರಡನೆಯದು ವಿಮಾನದಿಂದ ತೆಗೆದ ಛಾಯಾಚಿತ್ರಗಳ ಮೋಜಣಿ. ಮೂರನೆಯದು ನೂರಾರು ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹದ ಮೋಜಣಿ. ಕಾಡು, ನೀರು, ಮಣ್ಣು, ಬೆಳೆ ಮೊದಲಾದ ನೈಸರ್ಗಿಕ ಸಂಪತ್ತನ್ನು ಮುಟ್ಟದೆ, ದೂರದಿಂದಲೇ ಅರಿಯುವ ಈ ವಿದ್ಯೆಗೆ ದೂರಸಂವೇದಿ ತಂತ್ರವೆಂದು ಹೆಸರು.

ಈ ತಂತ್ರವು ಬೆಳೆದು ಬಂದ ಬಗೆಯನ್ನು ತಿಳಿಯುವುದು ಕನ್ನಡಿಗರಾದ ನಮಗೆ ಎರಡು ಕಾರಣಗಳಿಂದ ಅಗತ್ಯ. ಭಾರತದ ದೂರಸಂವೇದಿ ಉಪಗ್ರಹಗಳು ರೂಪುಗೊಂಡ ನೆಲ ಬೆಂಗಳೂರು. ಅವುಗಳ ಹಿಂದೆ ನಿಂತ ಹಿರಿಯರಲ್ಲಿ ಒಬ್ಬರು ಉಡುಪಿ ಸೀಮೆಯವರು. ಇದು ಹೆಮ್ಮೆಯ ಕಾರಣ. ಎರಡನೆಯದು ಹೊಣೆಗಾರಿಕೆಯ ಕಾರಣ. ಕಣ್ಣು ಎಷ್ಟೇ ಎತ್ತರಕ್ಕೆ ಏರಿದರೂ ಅದು ಕಂಡದ್ದು ಏನೆಂದು ಹೇಳಲು ನೆಲದ ಮೇಲೆ ನಿಂತವನೇ ಬೇಕು ಎಂಬ ಮಾತು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ರುಜುವಾತಾಗಿದೆ. ಆ ನೆಲದವರು ನಾವೇ ಆಗಿದ್ದೇವೆ.

ಕಾಲ್ನಡಿಗೆಯ ಕಾಲ

1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಕಂಪನಿ ಸರ್ಕಾರಕ್ಕೆ ಮೈಸೂರು ಸೀಮೆಯನ್ನು ಅಳೆಸುವ ಅಗತ್ಯ ಒದಗಿತು. ಊರುಗಳೆಷ್ಟು, ಕೆರೆಗಳೆಷ್ಟು, ಎಲ್ಲೆ ಯಾವುದು, ದಾರಿ ಎತ್ತ ಹೋಗುತ್ತದೆ ಎಂಬುದು ತಿಳಿಯದೆ ಆಡಳಿತ ನಡೆಯುವಂತಿರಲಿಲ್ಲ. ಈ ಮೋಜಣಿಯ ಹೊಣೆ ಕಾಲಿನ್ ಮೆಕೆಂಜಿಗೆ ಬಂದಿತು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದು, 1802ರ ಏಪ್ರಿಲಿನಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮಹಾ ತ್ರಿಕೋನಮಿತಿ ಮೋಜಣಿಯನ್ನು ಆರಂಭಿಸಿದನು. ನೂರು ಅಡಿಯ ಉಕ್ಕಿನ ಸರಪಳಿಯಿಂದ ಒಂದು ರೇಖೆಯನ್ನು ಮಾತ್ರ ನೆಲದ ಮೇಲೆ ಅಳೆಯುವುದು. ಮುಂದೆ ಒಂದು ಶಿಖರದಿಂದ ಇನ್ನೊಂದು ಶಿಖರಕ್ಕೆ ಕೋನವನ್ನು ನೋಡಿ, ತ್ರಿಕೋನದ ಮೇಲೆ ತ್ರಿಕೋನವನ್ನು ಕಟ್ಟುತ್ತ ಹೋಗುವುದು. ಇದು ಅವನ ಕ್ರಮ. ಮುಟ್ಟದೆ ಅಳೆಯುವ ವಿದ್ಯೆಯ ಬೀಜ ಆಗಲೇ ಮೊಳೆತಿತ್ತೆಂದು ಹೇಳಬೇಕು.

ಆದರೆ ಕೋನವನ್ನು ತೋರಿಸುವ ಯಂತ್ರವು ಹೆಸರನ್ನು ತೋರಿಸಲಾರದು. ಮೆಕೆಂಜಿಗೆ ನಮ್ಮ ದೇಶಭಾಷೆಗಳ ಪರಿಚಯ ಸಾಲದಿದ್ದುದರಿಂದ ಅವನು ಸ್ಥಳೀಯ ವಿದ್ವಾಂಸರನ್ನು ಆಶ್ರಯಿಸಿದನು. ಹಳಗನ್ನಡ ಶಾಸನಗಳನ್ನು ಓದಿ ಹೇಳಲು ಅವನಿಗೆ ನೆರವಾದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಮಲೆಯೂರು ಇಂದಿನ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ನಮ್ಮ ಈ ಬೆಟ್ಟಗಳಿಗೆ ದೂರದ ಊರಲ್ಲ. ನಕ್ಷೆಯ ಮೇಲೆ ಹೆಸರು ಮೆಕೆಂಜಿಯದು ಉಳಿಯಿತು. ಊರೂರಿನ ಪೂರ್ವೋತ್ತರವನ್ನು ಬಿಡಿಸಿ ಹೇಳಿದ ನಾಲಗೆ ಧರ್ಮಯ್ಯನಂಥವರದು.

ನೀಲಗಿರಿಯ ಮೇಲ್ಭಾಗಕ್ಕೆ ಮೋಜಣಿದಾರರು ಬಂದದ್ದು ಸ್ವಲ್ಪ ತಡವಾಗಿ. 1812ರಲ್ಲಿ ವಿಲಿಯಂ ಕೀಸ್ ಎಂಬ ಸಹಾಯಕ ಮೋಜಣಿದಾರನು ಬೆಟ್ಟವನ್ನು ಹತ್ತಿ ಒಂದು ವರದಿಯನ್ನು ಬರೆದನು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಕೋತಗಿರಿಯ ಕಡೆಗೆ ಬಂದು, ಈ ನಾಡಿನ ಹವೆಯನ್ನು ಲೋಕಕ್ಕೆ ಸಾರಿದನು. ಅದಾದ ಮೇಲೆ 1821–22ರಲ್ಲಿ ಕ್ಯಾಪ್ಟನ್ ಬಿ. ಎಸ್. ವಾರ್ಡ್ ಇಡೀ ನೀಲಗಿರಿಯನ್ನು ಕ್ರಮವಾಗಿ ಅಳೆದು, ನಕ್ಷೆಯೊಡನೆ ವಿವರವಾದ ಒಂದು ಟಿಪ್ಪಣಿಯನ್ನೂ ಸಿದ್ಧಪಡಿಸಿದನು. 1868ರಲ್ಲಿ ನೀಲಗಿರಿಯು ಕೊಯಮತ್ತೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. 1880ರಲ್ಲಿ ಎಚ್. ಬಿ. ಗ್ರಿಗ್ ಪ್ರಕಟಿಸಿದ ಜಿಲ್ಲಾ ಕೈಪಿಡಿಯ ಅನುಬಂಧದಲ್ಲಿ ಕೀಸ್ ಮತ್ತು ವಾರ್ಡ್ ಇಬ್ಬರ ಬರಹಗಳೂ ಸೇರಿರುವುದರಿಂದ ಅವು ಇಂದಿಗೂ ಓದಲು ದೊರೆಯುತ್ತವೆ.

ಆ ಬರಹಗಳಲ್ಲಿ ನಮ್ಮ ಗಮನವನ್ನು ಸೆಳೆಯುವುದು ಹೆಸರುಗಳು. ನಾಡುಗಳ ಹೆಸರು, ಹಟ್ಟಿಗಳ ಹೆಸರು, ಬೆಟ್ಟಗಳ ಹೆಸರು. ದೊಡ್ಡಬೆಟ್ಟದ ಎತ್ತರ 2,637 ಮೀಟರ್ ಎಂಬುದನ್ನು ಯಂತ್ರದಿಂದ ಕಂಡುಹಿಡಿಯಬಹುದು. ಅದು ದೊಡ್ಡಬೆಟ್ಟ ಎಂಬುದನ್ನು ಕೇಳಿಯೇ ತಿಳಿಯಬೇಕು. ಹುಲಿಕಲ್ಲು, ಮಸಿನಗುಡಿ, ತೊದನಾಡು, ಕುಂದೆನಾಡು ಇವೆಲ್ಲ ಯಾರದೋ ಬಾಯಿಂದ ಕೇಳಿ ಬರೆದುಕೊಂಡ ಮಾತುಗಳು. ಬಡಗರ ನುಡಿಯು ಸ್ವತಂತ್ರ ಭಾಷೆಯೇ ಕನ್ನಡದ ಒಡಹುಟ್ಟೇ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ಬೆಟ್ಟ, ಹಳ್ಳ, ಕಲ್ಲು, ಹಟ್ಟಿ, ಗುಡಿ ಎಂಬ ಈ ಮಾತುಗಳು ಮೈಸೂರಿನಿಂದ ಬಂದವನಿಗೂ ಕೂಡಲೇ ಅರ್ಥವಾಗುತ್ತವೆ ಎಂಬುದು ಮಾತ್ರ ಎಲ್ಲರೂ ಕಂಡ ಸಂಗತಿ. ತೋಡರ, ಕೋತರ, ಇರುಳರ, ಕುರುಂಬರ ಮಾತಿನ ಹೆಸರುಗಳೂ ಇವುಗಳ ಜೊತೆಯಲ್ಲಿ ನಕ್ಷೆಗೆ ಇಳಿದವು. ಹೀಗೆ ಮೊದಲ ಮೋಜಣಿಯಲ್ಲಿ ಅಳತೆ ಹೊರಗಿನವರದು, ಹೆಸರು ಒಳಗಿನವರದು.

ಆಕಾಶಕ್ಕೆ ಏರಿದ ಕಣ್ಣು

ಎರಡನೆಯ ಮಹಾಯುದ್ಧದ ತರುವಾಯ ವಿಮಾನದಿಂದ ತೆಗೆದ ಛಾಯಾಚಿತ್ರಗಳು ಮೋಜಣಿಯ ಕೆಲಸಕ್ಕೆ ಹೆಚ್ಚುಹೆಚ್ಚಾಗಿ ಒದಗಿದವು. ಒಂದೇ ಸ್ಥಳವನ್ನು ಎರಡು ಕೋನಗಳಿಂದ ತೆಗೆದ ಜೋಡಿ ಚಿತ್ರಗಳನ್ನು ಸ್ಟೀರಿಯೊಸ್ಕೋಪಿನಲ್ಲಿ ಇಟ್ಟು ನೋಡಿದರೆ ಬೆಟ್ಟ ಕಣಿವೆಗಳು ಉಬ್ಬುತಗ್ಗಾಗಿ ಎದ್ದು ಕಾಣುತ್ತವೆ. ಇಂಥ ಚಿತ್ರಗಳನ್ನು ಓದುವ ತಜ್ಞರನ್ನು ತರಬೇತುಗೊಳಿಸಲು 1966ರಲ್ಲಿ ಡೆಹರಾಡೂನಿನಲ್ಲಿ ಡಚ್ಚರ ನೆರವಿನಿಂದ ಒಂದು ಸಂಸ್ಥೆ ಸ್ಥಾಪನೆಯಾಯಿತು.

ಭಾರತದಲ್ಲಿ ದೂರಸಂವೇದಿ ತಂತ್ರದ ನಿಜವಾದ ಆರಂಭವನ್ನು ವಿದ್ವಾಂಸರು 1970ರ ಸುಮಾರಿಗೆ ಗುರುತಿಸುತ್ತಾರೆ. ಅದು ನಡೆದದ್ದು ನಮ್ಮ ನೆರೆಯ ಕೇರಳದಲ್ಲಿ. ಅಲ್ಲಿನ ತೆಂಗಿನ ತೋಟಗಳಿಗೆ ಬೇರು ಸೊರಗು ರೋಗವು ಹರಡುತ್ತಿತ್ತು. ಕೊಲ್ಲಂಗೋಡಿನವರಾದ ಹವಾಮಾನ ವಿಜ್ಞಾನಿ ಪಿ. ಆರ್. ಪಿಷಾರೋಟಿಯವರು ಹೆಲಿಕಾಪ್ಟರಿನಿಂದ ಅವಕೆಂಪು ಬೆಳಕಿಗೆ ಸ್ಪಂದಿಸುವ ಫಿಲ್ಮಿನಲ್ಲಿ ಆ ತೋಟಗಳ ಚಿತ್ರಗಳನ್ನು ತೆಗೆಸಿದರು. ಸೊರಗಿದ ಮರಗಳು ಆ ಚಿತ್ರಗಳಲ್ಲಿ ಬೇರೆಯಾಗಿ ಕಂಡವು.

ಇದರ ತತ್ತ್ವ ಸರಳವಾದುದು. ಎಲೆಯ ಹಸಿರು ದ್ರವ್ಯವು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನಾದರೋ ಆರೋಗ್ಯವಂತ ಎಲೆಯು ಬಲವಾಗಿ ಹಿಂದಿರುಗಿಸುತ್ತದೆ; ರೋಗ ತಗುಲಿದ ಎಲೆಯಲ್ಲಿ ಆ ಶಕ್ತಿ ಕುಂದುತ್ತದೆ. ನೀರು ಈ ಬೆಳಕನ್ನು ಬಹುಪಾಲು ನುಂಗಿಬಿಡುವುದರಿಂದ ಕಪ್ಪಾಗಿ ಕಾಣುತ್ತದೆ. ಕಾಣದ ಬೆಳಕನ್ನು ಚಿತ್ರದಲ್ಲಿ ತೋರಿಸಬೇಕಾದರೆ ಅದಕ್ಕೆ ಯಾವುದಾದರೊಂದು ಬಣ್ಣವನ್ನು ಆರೋಪಿಸಬೇಕು; ವಾಡಿಕೆಯಂತೆ ಕೆಂಪನ್ನು ಆರೋಪಿಸುತ್ತಾರೆ. ಆದುದರಿಂದಲೇ ಉಪಗ್ರಹದ ಚಿತ್ರದಲ್ಲಿ ಕಾಡು ಕೆಂಪಾಗಿ ತೋರುತ್ತದೆ.

1972ರ ಜುಲೈ 23ರಂದು ಅಮೆರಿಕ ದೇಶವು, ಮುಂದೆ ಲ್ಯಾಂಡ್‌ಸ್ಯಾಟ್–1 ಎಂದು ಹೆಸರಾದ ಉಪಗ್ರಹವನ್ನು ಹಾರಿಸಿತು. ಸುಮಾರು 80 ಮೀಟರ್ ಚೌಕದ ನೆಲವು ಅದರ ಚಿತ್ರದಲ್ಲಿ ಒಂದು ಚುಕ್ಕಿ. ಭಾರತವು ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯನ್ನು ಹೈದರಾಬಾದಿನಲ್ಲಿ ನೆಲೆಗೊಳಿಸಿ, 1979ರಲ್ಲಿ ಶಾದ್‌ನಗರದಲ್ಲಿ ಭೂಕೇಂದ್ರವನ್ನು ತೆರೆದು, ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ನೇರವಾಗಿ ಪಡೆಯತೊಡಗಿತು. ಅನ್ಯರ ಕಣ್ಣಿನಿಂದ ನಮ್ಮ ನೆಲವನ್ನು ನೋಡುವ ಸ್ಥಿತಿ ಎಷ್ಟು ಕಾಲ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಅದಕ್ಕೆ ಉತ್ತರ ಬಂದದ್ದು ಬೆಂಗಳೂರಿನಿಂದ. ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಸಿದ್ಧವಾದ ಭಾರತದ ಮೊದಲ ಉಪಗ್ರಹ ಆರ್ಯಭಟವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಆಕಾಶಕ್ಕೆ ಏರಿತು. ಅದರ ನೇತೃತ್ವವನ್ನು ವಹಿಸಿದವರು ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್. ಭೂಮಿಯ ವೀಕ್ಷಣೆಗೆಂದೇ ರೂಪಿಸಿದ ಭಾಸ್ಕರ–1 ಉಪಗ್ರಹವು 1979ರ ಜೂನ್ 7ರಂದೂ, ಭಾಸ್ಕರ–2 ಉಪಗ್ರಹವು 1981ರ ನವೆಂಬರ್ 20ರಂದೂ ಹಾರಿದವು. ಅವುಗಳ ಯೋಜನಾ ನಿರ್ದೇಶಕರಾಗಿದ್ದವರು ಡಾ. ಕೆ. ಕಸ್ತೂರಿರಂಗನ್. ಭಾಸ್ಕರದ ಕ್ಯಾಮೆರಾಗಳಿಗೆ ಒಂದು ಕಿಲೋಮೀಟರಿಗಿಂತ ಚಿಕ್ಕದು ಕಾಣುತ್ತಿರಲಿಲ್ಲ. ಇಡೀ ಕೂನೂರು ಪಟ್ಟಣವು ಅದಕ್ಕೆ ಕೆಲವೇ ಚುಕ್ಕಿಗಳು.

ಪ್ರೊ. ರಾವ್ ಅವರು ಇಸ್ರೋದ ಅಧ್ಯಕ್ಷರಾಗಿದ್ದ ಅವಧಿಯಲ್ಲಿ, 1988ರ ಮಾರ್ಚ್ 17ರಂದು, ಐಆರ್‌ಎಸ್–1ಎ ಉಪಗ್ರಹವು ಬೈಕೊನೂರಿನಿಂದ ಹಾರಿತು. 904 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, 22 ದಿನಗಳಿಗೊಮ್ಮೆ ಅದು ಅದೇ ನೆಲದ ಮೇಲೆ ಮರಳಿ ಬರುತ್ತಿತ್ತು. ಅದರ ಒಂದು ಕ್ಯಾಮೆರಾದ ಚುಕ್ಕಿ 72.5 ಮೀಟರ್, ಇನ್ನೊಂದರದು 36.25 ಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದರಲ್ಲಿ ಒಂದೂಕಾಲು ಎಕರೆಗೂ ಮಿಕ್ಕ ನೆಲ ಒಂದು ಚುಕ್ಕಿ. ಎರಡನೆಯದರಲ್ಲಿ ಸುಮಾರು 32 ಸೆಂಟು ಒಂದು ಚುಕ್ಕಿ. 1995ರ ಡಿಸೆಂಬರಿನಲ್ಲಿ ಹಾರಿದ ಐಆರ್‌ಎಸ್–1ಸಿ ಉಪಗ್ರಹದ ಬಣ್ಣದ ಚಿತ್ರಗಳಲ್ಲಿ ಆ ಚುಕ್ಕಿಯು 14 ಸೆಂಟಿಗೆ ಇಳಿಯಿತು. ಅದರ ಕಪ್ಪುಬಿಳುಪು ಕ್ಯಾಮೆರಾ 5.8 ಮೀಟರಿನ ವಿವರವನ್ನು ಕೊಟ್ಟಿತು. 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್–1 ಉಪಗ್ರಹವು 2.5 ಮೀಟರಿನ ವಿವರದಲ್ಲಿ ಜೋಡಿ ಚಿತ್ರಗಳನ್ನು ತೆಗೆದು, ಬೆಟ್ಟದ ಏರಿಳಿತವನ್ನೂ ತೋರಿಸತೊಡಗಿತು. ದೊಡ್ಡ ಎಸ್ಟೇಟುಗಳಷ್ಟೇ ಕಾಣುತ್ತಿದ್ದ ಚಿತ್ರದಲ್ಲಿ ಸಣ್ಣ ಹಿಡುವಳಿದಾರನ ಚಹಾ ತೋಟವೂ ಕಾಣುವಂತಾದದ್ದು ಹೀಗೆ. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಪ್ರೊ. ಯು. ಆರ್. ರಾವ್ ಅವರ ಹೆಸರನ್ನೇ ಇಡಲಾಯಿತು.

ಚಿತ್ರಗಳು ಮಾಡಿದ ಕೆಲಸ

ಉಪಗ್ರಹದ ಚಿತ್ರವು ಕೇವಲ ವಿಜ್ಞಾನಿಗಳ ಕುತೂಹಲವಾಗಿ ಉಳಿಯಲಿಲ್ಲ. ಸರ್ಕಾರಿ ದಾಖಲೆಗಳ ಪ್ರಕಾರ ದೇಶದ ಸುಮಾರು ಕಾಲುಭಾಗ ನೆಲವು ಅರಣ್ಯವೆಂದು ಬಹುಕಾಲ ನಂಬಲಾಗಿತ್ತು. ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯು 1972–75 ಮತ್ತು 1980–82ರ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹೋಲಿಸಿ, ನಿಜವಾದ ಅರಣ್ಯ ಹೊದಿಕೆಯು ದೇಶದ ನೆಲದ ಶೇಕಡ 16.89ರಿಂದ 14.10ಕ್ಕೆ ಇಳಿದಿದೆಯೆಂದು ಹೇಳಿದಾಗ ದೇಶವೇ ಬೆಚ್ಚಿತು. ಕಡತದಲ್ಲಿ ಕಾಡು ಇದ್ದ ಎಷ್ಟೋ ಕಡೆ ನೆಲದಲ್ಲಿ ಮರವಿರಲಿಲ್ಲ. ಆದರೆ 1981ರಲ್ಲಿ ಸ್ಥಾಪಿತವಾದ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು 1987ರಲ್ಲಿ ಪ್ರಕಟಿಸಿದ ತನ್ನ ಮೊದಲ ವರದಿಯಲ್ಲಿ 1981–83ರ ಚಿತ್ರಗಳ ಆಧಾರದ ಮೇಲೆ ಶೇಕಡ 19.49 ಎಂದಿತು. ಹೆಚ್ಚುಕಡಮೆ ಒಂದೇ ಕಾಲದ ಚಿತ್ರಗಳಿಂದ ಎರಡು ಸಂಸ್ಥೆಗಳು ಎರಡು ಅಂಕಿಗಳನ್ನು ಪಡೆದವು! ಯಾವುದನ್ನು ಕಾಡೆಂದು ಎಣಿಸಬೇಕು ಎಂಬುದನ್ನು ಚಿತ್ರವು ತಾನಾಗಿ ಹೇಳುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡ ನಾಡಿನಲ್ಲಿಯೂ ಈ ತಂತ್ರ ಜನರ ಬದುಕಿಗೆ ಇಳಿದು ಬಂದಿತು. 1980ರ ದಶಕದ ಬರಗಾಲಗಳ ನಡುವೆ ಕುಡಿಯುವ ನೀರಿನ ರಾಷ್ಟ್ರೀಯ ಯೋಜನೆ ಆರಂಭವಾದಾಗ, ಬಾವಿ ಎಲ್ಲಿ ತೋಡಿದರೆ ನೀರು ದೊರೆಯಬಹುದೆಂದು ತೋರಿಸುವ ನಕ್ಷೆಗಳನ್ನು ಉಪಗ್ರಹದ ಚಿತ್ರಗಳಿಂದ ಜಿಲ್ಲೆ ಜಿಲ್ಲೆಗೂ ತಯಾರಿಸಲಾಯಿತು. ಉಪಗ್ರಹಕ್ಕೆ ನೆಲದೊಳಗಿನ ನೀರು ಕಾಣುವುದಿಲ್ಲ. ಬಂಡೆಯ ಬಿರುಕುಗಳು, ಹಳೆಯ ಹೊಳೆಯ ಪಾತ್ರ, ಬೇಸಗೆಯಲ್ಲಿಯೂ ಹಸಿರಾಗಿ ಉಳಿದ ಗಿಡಗಳ ಸಾಲು ಇವನ್ನು ಕಂಡು ನೀರನ್ನು ಊಹಿಸಬೇಕು. ನಮ್ಮ ಹಿರಿಯರು ಹುತ್ತವನ್ನೂ ಅತ್ತಿಮರವನ್ನೂ ನೋಡಿ ಬಾವಿಯ ಜಾಗವನ್ನು ಗುರುತಿಸುತ್ತಿದ್ದ ಕ್ರಮಕ್ಕೆ ಇದು ದೂರವಾದುದಲ್ಲ. ಮುಂದೆ ವಿಶ್ವಬ್ಯಾಂಕಿನ ನೆರವಿನಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಬದು, ಕೃಷಿಹೊಂಡ, ತೋಪುಗಳಿಂದ ನೆಲಕ್ಕೆ ಆದ ಪ್ರಯೋಜನವನ್ನು ವರ್ಷ ವರ್ಷವೂ ಉಪಗ್ರಹದ ಚಿತ್ರಗಳಿಂದ ಪರಿಶೀಲಿಸಲಾಯಿತು.

ಹಸಿರೆಲ್ಲ ಕಾಡಲ್ಲ

ಈಗ ನಮ್ಮ ಬೆಟ್ಟಕ್ಕೆ ಮರಳೋಣ. ಬಹಳ ವರ್ಷಗಳ ಹಿಂದೆ ನಾವು ತರಗತಿಗೆ ನೀಲಗಿರಿಯ ಉಪಗ್ರಹ ಚಿತ್ರವೊಂದನ್ನು ಒಯ್ದು ಗೋಡೆಗೆ ತೂಗುಹಾಕಿದ್ದೆವು. ಕಾಡು ಏಕೆ ಕೆಂಪು ಎಂಬುದನ್ನು ವಿವರಿಸಿ, ಕೂನೂರಿನ ಸುತ್ತಲಿನ ಕೆಂಪನ್ನು ತೋರಿಸಿ, "ಇದೆಲ್ಲ ಕಾಡು" ಎಂದೆವು. ಹಟ್ಟಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಅಲ್ಲಿ ಕಾಡಿಲ್ಲ. ಅದು ನಾವು ಸೌದೆ ತರುವ ವಾಟಲ್ ತೋಪು. ಅದರ ಕೆಳಗಿನದು ಟೀ ತೋಟ. ಮೊದಲು ಅಲ್ಲಿ ಬರೀ ಹುಲ್ಲಿತ್ತಂತೆ, ನಮ್ಮ ಅಜ್ಜಿ ಹೇಳುತ್ತಾರೆ" ಎಂದಳು. ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಪುಸ್ತಕವನ್ನು ಓದಿ ಬಂದ ನಮ್ಮ ಪಾಠಕ್ಕಿಂತ ಆ ಮಗುವಿನ ಮಾತು ಹೆಚ್ಚು ಸರಿಯಾಗಿತ್ತು. ವಿಜ್ಞಾನಿಗಳು ಚಿತ್ರವನ್ನು ನೆಲದೊಡನೆ ತಾಳೆ ನೋಡುವ ಕೆಲಸವನ್ನು ನೆಲದ ಸತ್ಯ ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಆ ದಿನ ನೆಲದ ಸತ್ಯವು ಮೂರನೆಯ ಬೆಂಚಿನಿಂದ ಎದ್ದು ನಿಂತಿತ್ತು.

ಈ ಮಾತಿನ ಮಹತ್ತ್ವವನ್ನು ತಿಳಿಯಬೇಕಾದರೆ ನೀಲಗಿರಿಯ ಮೇಲ್ಭಾಗದ ಸ್ವರೂಪವನ್ನು ನೆನೆಯಬೇಕು. ಕಣಿವೆಯ ಮಡಿಲಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡು, ಗುಡ್ಡದ ಮೈಮೇಲೆ ಹರಡಿದ ಹುಲ್ಲುಗಾವಲು, ಇವೆರಡೂ ಸೇರಿ ಇಲ್ಲಿನ ಸಹಜ ಪ್ರಕೃತಿ. ಮಳೆಯ ನೀರನ್ನು ಹಿಡಿದಿಟ್ಟು ಹಳ್ಳಗಳಿಗೆ ಸಾವಕಾಶವಾಗಿ ಬಿಟ್ಟುಕೊಡುವುದು ಈ ಜೋಡಿಯ ಕೆಲಸ. ಮೋಯಾರ್ ನದಿಯು ಭವಾನಿಯನ್ನು ಸೇರಿ, ಭವಾನಿಯು ಕಾವೇರಿಯನ್ನು ಸೇರುವುದರಿಂದ ಇಲ್ಲಿನ ಹುಲ್ಲಿಗೂ ಬಯಲಿನ ಭತ್ತಕ್ಕೂ ಸಂಬಂಧವಿದೆ. ಆದರೆ ಹುಲ್ಲುಗಾವಲನ್ನು ಬರಿದಾದ ಪಾಳುಭೂಮಿಯೆಂದು ಭಾವಿಸಿದ ಆಂಗ್ಲರ ಆಡಳಿತವು ಹತ್ತೊಂಬತ್ತನೆಯ ಶತಮಾನದಲ್ಲಿ ಸೌದೆಗಾಗಿ ಆಸ್ಟ್ರೇಲಿಯದ ಯೂಕಲಿಪ್ಟಸ್ ಮತ್ತು ವಾಟಲ್ ಮರಗಳನ್ನು ತಂದು ನೆಡಿಸಿತು. ಸ್ವಾತಂತ್ರ್ಯದ ಅನಂತರವೂ ನೆಡುವ ಕೆಲಸ ಮುಂದುವರಿಯಿತು. ವಿಪರ್ಯಾಸವೆಂದರೆ ಕನ್ನಡ ನಾಡಿನ ಬಯಲುಸೀಮೆಯಲ್ಲಿ ಆ ಆಸ್ಟ್ರೇಲಿಯದ ಮರಕ್ಕೆ ನೀಲಗಿರಿ ಮರವೆಂದೇ ಹೆಸರು! ನಮ್ಮ ಬೆಟ್ಟದ ಹೆಸರು ನಮ್ಮದಲ್ಲದ ಮರಕ್ಕೆ ಅಂಟಿಕೊಂಡಿತು.

ಅರಣ್ಯ ಸಮೀಕ್ಷೆಯ ವ್ಯಾಖ್ಯೆಯ ಪ್ರಕಾರ ಒಂದು ಹೆಕ್ಟೇರಿಗಿಂತ ಹೆಚ್ಚಿನ ನೆಲದಲ್ಲಿ ಶೇಕಡ 10ಕ್ಕಿಂತ ಹೆಚ್ಚಾಗಿ ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ; ಮರ ಯಾವುದು, ನೆಲ ಯಾರದು ಎಂಬುದು ಅಲ್ಲಿ ಮುಖ್ಯವಲ್ಲ. ಹೀಗಾಗಿ ಹುಲ್ಲುಗಾವಲನ್ನು ವಾಟಲ್ ನುಂಗಿದರೆ ಪಟ್ಟಿಯಲ್ಲಿ ಕಾಡು ಹೆಚ್ಚಿದಂತೆ ತೋರುತ್ತದೆ. ಇದು ತಂತ್ರದ ಸುಳ್ಳಲ್ಲ; ಕೇಳಿದ ಪ್ರಶ್ನೆಗೆ ಅದು ಕೊಟ್ಟ ಉತ್ತರ. ಪ್ರಶ್ನೆಯನ್ನು ಸರಿಯಾಗಿ ಕೇಳಿದಾಗ ಅದೇ ಉಪಗ್ರಹವು ಸರಿಯಾದ ಉತ್ತರವನ್ನೂ ಕೊಟ್ಟಿದೆ. ಇತ್ತೀಚಿನ ವರ್ಷಗಳಲ್ಲಿ ಸಂಶೋಧಕರು 1973ರಿಂದೀಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಸಾಲಾಗಿ ಇಟ್ಟು, ನೆಲಕ್ಕೆ ಹೋಗಿ ಮರದ ಜಾತಿಯನ್ನು ನೋಡಿ ಬಂದು, ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳು ಅನ್ಯದೇಶದ ಮರಗಳಿಂದಾಗಿ ಬಹಳವಾಗಿ ಕುಗ್ಗಿವೆಯೆಂದು ತೋರಿಸಿಕೊಟ್ಟರು. ಆ ಹುಡುಗಿಯ ಅಜ್ಜಿಗೆ ಗೊತ್ತಿದ್ದ ಸಂಗತಿಗೆ ಅವರಿಂದ ಪುರಾವೆ ದೊರೆಯಿತು.

ಚುಕ್ಕಿಯನ್ನು ತಪ್ಪಾಗಿ ಓದಿದರೆ ಅದರ ಪರಿಣಾಮವು ಕಾಗದದ ಮೇಲೆ ಮಾತ್ರ ನಿಲ್ಲುವುದಿಲ್ಲ. ಭಾಸ್ಕರ ಉಪಗ್ರಹಗಳನ್ನು ರೂಪಿಸಿದ ಡಾ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿಯೇ ಪಶ್ಚಿಮ ಘಟ್ಟಗಳ ಕುರಿತ ಸಮಿತಿಯು 2013ರ ಏಪ್ರಿಲಿನಲ್ಲಿ ವರದಿಯನ್ನು ಸಲ್ಲಿಸಿತು. ಉಪಗ್ರಹದ ಚಿತ್ರಗಳನ್ನು ಆಧರಿಸಿ, ಘಟ್ಟಗಳ ಶೇಕಡ 37ರಷ್ಟು, ಅಂದರೆ ಸುಮಾರು 60,000 ಚದರ ಕಿಲೋಮೀಟರ್ ನೆಲವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಅದು ಗುರುತಿಸಿತು. ಕರ್ನಾಟಕದ 1,576 ಹಳ್ಳಿಗಳು ಆ ಪಟ್ಟಿಯಲ್ಲಿದ್ದವು. ನೆರಳುಮರಗಳ ಕೆಳಗೆ ಬೆಳೆದ ತಮ್ಮ ಕಾಫಿ ತೋಟವನ್ನು ಉಪಗ್ರಹವು ಕಾಡೆಂದು ಎಣಿಸಿದೆ, ಹಳ್ಳಿಗೆ ಬಂದು ನೋಡಿ ಎಂದು ಕೊಡಗು, ಮಲೆನಾಡುಗಳ ರೈತರು ದನಿಯೆತ್ತಿದರು. ಘಟ್ಟಗಳನ್ನು ಕಾಪಾಡಬೇಕೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. 1986ರಲ್ಲಿ ಮೂರು ರಾಜ್ಯಗಳ 5,520 ಚದರ ಕಿಲೋಮೀಟರ್ ನೆಲವನ್ನು ಒಳಗೊಂಡು ಘೋಷಿತವಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ನಿವಾಸಿಗಳಾದ ನಾವು ಹಾಗೆ ಸಂಶಯಪಡಲಾರೆವು. ಆದರೆ ಕಾಪಾಡುವವನು ಮೊದಲು ಊರಿಗೆ ಬಂದು ಹೆಸರನ್ನು ಕೇಳಬೇಕು. ವಾರ್ಡ್ ಎಂಬ ಪರದೇಶದ ಅಧಿಕಾರಿಗೂ ಆ ಕ್ರಮ ತಪ್ಪಿರಲಿಲ್ಲ.

ಜಾರುವ ನೆಲ, ಮುಚ್ಚಿದ ಮುಗಿಲು

ನಮಗೆ ಇನ್ನೂ ಹತ್ತಿರದ ವಿಷಯ ಗುಡ್ಡ ಕುಸಿತ. 1978 ಮತ್ತು 1979ರ ಮಳೆಗಾಲದ ಕುಸಿತಗಳ ಬಳಿಕ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ತಜ್ಞರು ಬಂದು ನೀಲಗಿರಿಯ ಇಳಿಜಾರುಗಳನ್ನು ಪರಿಶೀಲಿಸಿ, ಅಪಾಯದ ತಾಣಗಳನ್ನು ಗುರುತಿಸಿದರು. 1993ರ ನವೆಂಬರಿನಲ್ಲಿ ಮೇಟುಪಾಳ್ಯದ ಹಾದಿಯ ಮರಪ್ಪಾಲಂ ಬಳಿ ಗುಡ್ಡ ಜಾರಿ ಜೀವಹಾನಿಯಾಯಿತು. 2009ರ ನವೆಂಬರಿನ ಆ ದಿನಗಳನ್ನು ನಮ್ಮಲ್ಲಿ ಅನೇಕರು ಮರೆತಿಲ್ಲ. ಕೇತಿಯಲ್ಲಿ ಒಂದೇ ದಿನ 82 ಸೆಂಟಿಮೀಟರ್ ಮಳೆ ದಾಖಲಾಯಿತು. ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ರೈಲುಹಾದಿ, ರಸ್ತೆ ಎರಡೂ ಮುಚ್ಚಿದವು.

ಇಂಥ ಸಮಯದಲ್ಲಿ ಸಾಮಾನ್ಯ ಉಪಗ್ರಹಕ್ಕೆ ಒಂದು ದೊಡ್ಡ ಕೊರತೆಯಿದೆ. ಮಳೆ ಸುರಿಯುವ ತಿಂಗಳುಗಳಲ್ಲಿಯೇ ನಮ್ಮ ಬೆಟ್ಟದ ಮೇಲೆ ಮುಗಿಲು ಮುಚ್ಚಿರುತ್ತದೆ. ಬೆಳಕನ್ನು ಆಧರಿಸಿದ ಕ್ಯಾಮೆರಾಕ್ಕೆ ಬೆಳ್ಳನೆಯ ಮೋಡವಲ್ಲದೆ ಬೇರೇನೂ ಕಾಣುವುದಿಲ್ಲ. ಈ ಕೊರತೆಯನ್ನು ನೀಗಿಸುವುದು ರಾಡಾರ್. ತಾನೇ ರೇಡಿಯೋ ಅಲೆಯನ್ನು ಕಳುಹಿಸಿ, ನೆಲದಿಂದ ಮರಳಿದ ಅಲೆಯನ್ನು ಗ್ರಹಿಸುವುದರಿಂದ ಅದು ಮೋಡದಲ್ಲಿಯೂ ಇರುಳಿನಲ್ಲಿಯೂ ನೋಡಬಲ್ಲುದು. 2012ರಲ್ಲಿ ಹಾರಿದ ರಿಸ್ಯಾಟ್–1 ಇಂಥದು. ಭಾರತ ಮತ್ತು ಅಮೆರಿಕ ಕೂಡಿ ನಿರ್ಮಿಸಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ ಉಪಗ್ರಹವು 12 ದಿನಗಳಿಗೊಮ್ಮೆ ಅದೇ ನೆಲವನ್ನು ನೋಡಿ, ನೆಲದ ಮೇಲ್ಮೈಯ ಅತ್ಯಲ್ಪ ಚಲನೆಯನ್ನೂ ಗುರುತಿಸುವ ಉದ್ದೇಶದಿಂದ ರೂಪುಗೊಂಡದ್ದು. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ ಹೈದರಾಬಾದಿನ ಕೇಂದ್ರವು ಪ್ರಕಟಿಸಿದ ಚಿತ್ರಗಳಲ್ಲಿ ಸುಮಾರು 86,000 ಚದರ ಮೀಟರ್ ನೆಲ ಜಾರಿದ್ದುದೂ, ಅದೇ ತಾಣದಲ್ಲಿ ಹಿಂದೆಯೂ ಕುಸಿತವಾಗಿದ್ದ ಗುರುತೂ ಕಂಡುಬಂದವು. ಜಾರಿದ ನೆಲ ಮತ್ತೆ ಜಾರಬಹುದೆಂಬ ಎಚ್ಚರಿಕೆ ಅದರಲ್ಲಿತ್ತು.

ಉಪಗ್ರಹದ ಚಿತ್ರಮಾಲೆಯು ಸುಮಾರು 1972ರಿಂದೀಚಿನದು. ಅದಕ್ಕೂ ಹಿಂದೆ ಹಳ್ಳವು ಎಲ್ಲಿ ಹರಿಯುತ್ತಿತ್ತು, ಯಾವ ಒರತೆಯನ್ನು ಮುಚ್ಚಿ ಮನೆ ಕಟ್ಟಲಾಯಿತು, ಯಾವ ಇಳಿಜಾರಿನಲ್ಲಿ ಮನೆ ಕಟ್ಟಬಾರದೆಂದು ಹಿರಿಯರು ಹೇಳುತ್ತಿದ್ದರು ಎಂಬುದು ಯಾವ ಚಿತ್ರದಲ್ಲಿಯೂ ಇಲ್ಲ. ಅದು ಎಂಬತ್ತು ದಾಟಿದವರ ನೆನಪಿನಲ್ಲಿದೆ. ಮುಚ್ಚಿದ ಹಳ್ಳವು ದೊಡ್ಡ ಮಳೆ ಬಂದಾಗ ತನ್ನ ಹಳೆಯ ಹಾದಿಯನ್ನೇ ಹುಡುಕುತ್ತದೆ. ಆ ಹಾದಿಯನ್ನು ಬಲ್ಲವರು ವರ್ಷ ವರ್ಷವೂ ಕಡಮೆಯಾಗುತ್ತಿದ್ದಾರೆ. ಅವರೊಂದಿಗೆ ಹಳ್ಳದ ಹೆಸರೂ ಹೋಗುತ್ತದೆ. ಹೆಸರು ಹೋದಮೇಲೆ ಅಲ್ಲಿ ಹಳ್ಳವಿತ್ತೆಂಬುದೂ ಮರೆತುಹೋಗುತ್ತದೆ. ಮೂರನೆಯ ತಲೆಮಾರಿನವರು ಅದನ್ನು ಸಮತಟ್ಟಾದ ನಿವೇಶನವೆಂದು ಕೊಳ್ಳುತ್ತಾರೆ.

ನಾವು ಮಾಡಬಹುದಾದ ಕೆಲಸ

ಇಂದು ಇಸ್ರೋದ ಭುವನ್ ಎಂಬ ನಕ್ಷೆಯ ವ್ಯವಸ್ಥೆಯು 2009ರಿಂದ ಸಾರ್ವಜನಿಕರಿಗೆ ತೆರೆದಿದೆ. ಮೊಬೈಲಿನಲ್ಲಿ ಬೆರಳಾಡಿಸುವ ಮಕ್ಕಳು ತಮ್ಮ ಮನೆಯ ಮಾಳಿಗೆಯನ್ನು ಆಕಾಶದಿಂದ ನೋಡಬಲ್ಲರು. ಲ್ಯಾಂಬ್ಟನ್ನನಿಗೆ ದಶಕಗಳು ಹಿಡಿದ ಕೆಲಸದ ಫಲವು ಅವರ ಅಂಗೈಯಲ್ಲಿದೆ. ಆದರೆ ನಮ್ಮ ಹಟ್ಟಿಗಳ ಸುತ್ತಲಿನ ಆ ಚಿತ್ರದಲ್ಲಿ ಹೆಸರುಗಳು ವಿರಳ. ಇದ್ದ ಹೆಸರುಗಳೂ ಆಂಗ್ಲ ಅಕ್ಷರದ ದಾರಿಯಿಂದ ಬಂದು ರೂಪಗೆಟ್ಟಿವೆ.

ಆದುದರಿಂದ ನಮ್ಮ ಸಂಘದ ಮುಂದೆ ಒಂದು ವಿನಂತಿಯನ್ನು ಇಡಲು ಈ ಸಂಚಿಕೆಯ ಅವಕಾಶವನ್ನು ಬಳಸಿಕೊಳ್ಳುತ್ತೇವೆ. ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಯಲ್ಲಿ ನಮ್ಮ ಈ ಪ್ರದೇಶವು 58 ಎ ಸಂಖ್ಯೆಯ ಭಾಗಕ್ಕೆ ಸೇರುತ್ತದೆ. ಅದನ್ನಾಗಲಿ, ಉಪಗ್ರಹದ ಚಿತ್ರವನ್ನಾಗಲಿ ದೊಡ್ಡದಾಗಿ ಮುದ್ರಿಸಿಕೊಂಡು, ಪ್ರತಿಯೊಂದು ಹಟ್ಟಿಯ ಹಿರಿಯರ ಬಳಿಗೂ ಮಕ್ಕಳನ್ನು ಕಳುಹಿಸೋಣ. ಹಳ್ಳ, ಒರತೆ, ಬಂಡೆ, ತೋಪು, ಹುಲ್ಲುಮೈದಾನ, ಜಾರಿದ ನೆಲ, ಮನೆ ಕಟ್ಟಬಾರದೆಂದು ಹೇಳುತ್ತಿದ್ದ ಜಾಗ, ಇವುಗಳ ಹೆಸರನ್ನು ಹಿರಿಯರು ಹೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯಿಸೋಣ. ಬಡಗ ನುಡಿಯ ಹೆಸರನ್ನು ಬಡಗ ನುಡಿಯಲ್ಲಿಯೇ, ತೋಡರ ಹೆಸರನ್ನು ತೋಡರ ಉಚ್ಚಾರಣೆಯಲ್ಲಿಯೇ ಉಳಿಸೋಣ. ತಿದ್ದುವ ಅಧಿಕಾರ ನಮಗಿಲ್ಲ. ಹೀಗೆ ಸಿದ್ಧವಾದ ಹಾಳೆಗಳ ಒಂದು ಪ್ರತಿಯನ್ನು ಸಂಘದಲ್ಲಿ ಇರಿಸಿ, ಇನ್ನೊಂದನ್ನು ಜಿಲ್ಲಾಡಳಿತಕ್ಕೆ ಸಲ್ಲಿಸಬಹುದು.

ಇದಕ್ಕೆ ದೊಡ್ಡ ಹಣ ಬೇಡ. ಕೆಲವು ಭಾನುವಾರಗಳು ಬೇಕು, ಕೇಳುವ ತಾಳ್ಮೆ ಬೇಕು. ಮೊದಲ ಹಾಳೆಯನ್ನು ನಾವೇ ಆರಂಭಿಸಿದ್ದೇವೆ. ನಮ್ಮ ಬೀದಿಯ ಕೆಳಗೆ ಈಗ ಕಾಂಕ್ರೀಟಿನ ಅಡಿಯಲ್ಲಿ ಹರಿಯುವ ಹಳ್ಳದ ಹೆಸರನ್ನು ಕೇಳಿದಾಗ ನೆರೆಯ ಮೂವರಿಗೆ ತಿಳಿದಿರಲಿಲ್ಲ. ನಾಲ್ಕನೆಯವರು, ಎಂಬತ್ತಾರು ವರ್ಷದ ಒಬ್ಬ ತಾಯಿ, ಅದರ ಹೆಸರನ್ನೂ ಅದು ಹಿಂದೆ ಹರಿಯುತ್ತಿದ್ದ ಹಾದಿಯನ್ನೂ ಕೈಯಿಂದ ತೋರಿಸಿ ಹೇಳಿದರು. ಅದನ್ನು ಬರೆದುಕೊಂಡಿದ್ದೇವೆ. ಉಳಿದ ಹಾಳೆಗಳನ್ನು ಸಂಘದ ಬಂಧುಗಳು ತುಂಬಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.